ಹಳೆಯದನ್ನು ಉಳಿಸಲೇ, ಹೊಸದನ್ನು ಹಾಕಲೇ?

ಮಂಗಳೂರಿನ ಕಾಲೇಜುಗಳಲ್ಲಿ ಸರ್ವರ್‌ಗೆ ದೊಡ್ಡ ಅಪ್‌ಡೇಟ್ ಹಾಕಲು ತಕ್ಕ ಕಾಲವೆಂದರೆ ಬೇಸಿಗೆ ರಜೆ. ವಿದ್ಯಾರ್ಥಿಗಳಿರುವುದಿಲ್ಲ, ಪುಸ್ತಕ ಕೊಟ್ಟು ಪಡೆಯುವ ಗಡಿಬಿಡಿಯೂ ಇರುವುದಿಲ್ಲ. ಜೂನ್ ಬಂತೆಂದರೆ ಮಳೆ, ಗುಡುಗು, ಹೋಗಿ ಬರುವ ಕರೆಂಟು. ಆಗ ಆ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಗ್ರಂಥಾಲಯದ ಸರ್ವರ್‌ನಲ್ಲಿ ಅಪ್‌ಡೇಟ್ ಶುರುವಾಗಿದೆ ಎಂದಿಟ್ಟುಕೊಳ್ಳಿ. ಸಾಲುಗಳು ಸರಸರನೆ ಓಡುತ್ತಿರುವಾಗ ಪರದೆ ಥಟ್ಟನೆ ನಿಂತು ಒಂದು ಪ್ರಶ್ನೆ ಕೇಳುತ್ತದೆ. ಈ ಕಡತವನ್ನು ನಿಮ್ಮಲ್ಲಿ ಯಾರೋ ತಿದ್ದಿದ್ದಾರೆ, ತಯಾರಿಸಿದವರೂ ಈಗ ತಿದ್ದಿ ಕಳಿಸಿದ್ದಾರೆ. ನಿಮ್ಮದನ್ನು ಉಳಿಸಲೇ, ಅವರದನ್ನು ಹಾಕಲೇ?

ಡೆಬಿಯನ್, ಉಬುಂಟು ಬಳಸುವವರೆಲ್ಲ ಈ ಪ್ರಶ್ನೆಯನ್ನು ಕಂಡಿರುತ್ತಾರೆ. ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳು ಕೇಳುವುದೂ ಇಲ್ಲ. ಸಾಮಾನ್ಯವಾಗಿ ಹೊಸ ಕಡತವನ್ನು ಬೇರೆ ಬಾಲದ ಹೆಸರು ಕೊಟ್ಟು ಹಳೆಯದರ ಪಕ್ಕದಲ್ಲಿ ಇಟ್ಟು ಮುಂದೆ ಹೋಗುತ್ತವೆ. ಅದು ಅಲ್ಲಿದೆ ಎಂಬುದು ಎಷ್ಟೋ ಕಡೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಷ್ಟವಿರುವುದು ಪ್ರಶ್ನೆಯಲ್ಲಲ್ಲ. ಪರದೆಯ ಮುಂದೆ ಕುಳಿತವರು ಆ ಕಡತವನ್ನು ತಿದ್ದಿದವರಲ್ಲ ಎಂಬುದರಲ್ಲಿ. ತಿದ್ದಿದವರು ಬೆಂಗಳೂರಿನಲ್ಲಿದ್ದಾರೆ, ಇಲ್ಲವೇ ದುಬೈಯಲ್ಲಿ. ಕಲಿಸುವುದು, ಎರಡು ಮೂರು ವರ್ಷ ಕೆಲಸ ಕೊಡುವುದು, ಆಮೇಲೆ ಕಳಿಸಿಕೊಡುವುದು ಈ ಊರಿನ ರೂಢಿ. ಹೋಗುವವರು ಪಾಸ್‌ವರ್ಡ್‌ಗಳನ್ನು ಬರೆದುಕೊಟ್ಟು ಹೋಗುತ್ತಾರೆ. ಯಾವ ಸಾಲನ್ನು ಯಾಕೆ ತಿದ್ದಿದೆ ಎಂಬುದನ್ನು ಬರೆದುಕೊಡುವವರು ಕಡಿಮೆ. ಹಾಗಾಗಿ ಉಳಿದವರು ಎಂಟರ್ ಒತ್ತುತ್ತಾರೆ. ಡೆಬಿಯನ್‌ನಲ್ಲಿ ಬರೀ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಅದು ಸರಿಯಾಗಿರಬಹುದು, ತಪ್ಪಾಗಿರಲೂಬಹುದು. ಎರಡು ಸಲ ಹೀಗೆ ತೊಂದರೆಯಾದರೆ ಮೂರನೆಯ ವರ್ಷ ಅಪ್‌ಡೇಟ್ ಮಾಡುವುದನ್ನೇ ಬಿಡುತ್ತಾರೆ. ಆಮೇಲೆ ಭದ್ರತೆಯ ತೂತುಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ.

ಊಹೆ ಬಿಟ್ಟು ತಿಳಿದು ಉತ್ತರಿಸುವ ದಾರಿ ಇದೆ. ಸಾಫ್ಟ್‌ವೇರ್ ಬರೆಯುವವರು ದಿನವಿಡೀ ಬಳಸುವ ಗಿಟ್‌ನಂಥ ಆವೃತ್ತಿ ನಿಯಂತ್ರಣ ವ್ಯವಸ್ಥೆಯೊಳಗೆ ಕಾನ್ಫಿಗರೇಶನ್ ಕಡತಗಳನ್ನೂ ಇಡುವುದು. ದೊಡ್ಡ ಕಂಪನಿಗಳಲ್ಲಿ ಇದು ಹಳೆಯ ಸಂಗತಿ. ನನ್ನ ಮಟ್ಟಿಗೆ ಇದರ ಅಗತ್ಯ ಅವರಿಗಿಂತ ಹೆಚ್ಚಾಗಿರುವುದು ಒಬ್ಬರೋ ಇಬ್ಬರೋ ನೋಡಿಕೊಳ್ಳುವ ಸಣ್ಣ ಸರ್ವರ್‌ಗಳಿಗೆ: ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘ, ಮುದ್ರಣಾಲಯ. ದೊಡ್ಡ ಕಂಪನಿಯಲ್ಲಿ ಒಬ್ಬರು ಹೋದರೆ ನೆನಪಿಟ್ಟುಕೊಂಡ ಇನ್ನೊಬ್ಬರು ಇರುತ್ತಾರೆ. ಇಲ್ಲಿ ಹಾಗಲ್ಲ.

ಗ್ರಂಥಾಲಯದ ಉದಾಹರಣೆಯನ್ನೇ ಮುಂದುವರಿಸೋಣ. ಅದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಕರ್ನಾಟಕದ ಅನೇಕ ಕಾಲೇಜು ಗ್ರಂಥಾಲಯಗಳು ಕೋಹಾ ಎಂಬ ಮುಕ್ತ ತಂತ್ರಾಂಶ ಬಳಸುತ್ತವೆ. ನ್ಯೂಜಿಲೆಂಡ್‌ನ ಹೊರೊಫೆನುವಾ ಗ್ರಂಥಾಲಯಗಳಿಗಾಗಿ 1999ರಲ್ಲಿ ಬರೆಯಲು ತೊಡಗಿದ ಇದು 2000ದ ಜನವರಿಯಲ್ಲಿ ಬಳಕೆಗೆ ಬಂತು. ಇದನ್ನು ಮೊದಲ ಸಲ ಹಾಕಿದಾಗ ಪುಸ್ತಕ ಹುಡುಕುವ ಭಾಗ ಹಳೆಯ ಅಕ್ಷರಪಟ್ಟಿಯೊಂದನ್ನು ನೆಚ್ಚಿಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಶಿವರಾಮ ಕಾರಂತ ಎಂದು ಕನ್ನಡದಲ್ಲಿ ಟೈಪು ಮಾಡಿ ಹುಡುಕಿದರೆ, ಕಪಾಟಿನ ತುಂಬ ಕಾರಂತರ ಪುಸ್ತಕಗಳಿದ್ದರೂ, ಏನೂ ಸಿಗುವುದಿಲ್ಲ. ಸರಿಪಡಿಸಲು ಒಂದು ಕಡತದಲ್ಲಿ ಆ ಪಟ್ಟಿಯ ಹೆಸರಿರುವ ಸಾಲುಗಳನ್ನು ತೆಗೆದು, ಜಗತ್ತಿನ ಲಿಪಿಗಳನ್ನೆಲ್ಲ ಬಲ್ಲ ಐಸಿಯು ಎಂಬ ತಂತ್ರಾಂಶ ಭಂಡಾರವನ್ನು ಬಳಸುವಂತೆ ಬರೆಯಬೇಕು. ಕೆಲವೇ ಸಾಲುಗಳ ತಿದ್ದುಪಡಿ. ಆಮೇಲೆ ಸೂಚಿಯನ್ನು ಹೊಸದಾಗಿ ಕಟ್ಟಬೇಕು.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ ಒತ್ತಿನ ಆಚೆಗೆ ವಕಾರ ಒತ್ತಕ್ಷರವಾಗಿ ಸೇರಿಹೋಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಹಾಕುತ್ತೇವೆ. ಒಬ್ಬ ಸಿಬ್ಬಂದಿ ಅದನ್ನು ಹಾಕಿ ಪುಸ್ತಕದ ಹೆಸರು ನಮೂದಿಸಿದ್ದರೆ, ಹುಡುಕುವ ವಿದ್ಯಾರ್ಥಿ ಹಾಕದೆ ಟೈಪು ಮಾಡಿದರೆ, ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ಹುಡುಕುವ ಮುನ್ನ ಆ ಚಿಹ್ನೆಯನ್ನು ತೆಗೆದುಹಾಕು ಎಂಬ ನಿಯಮವನ್ನು ಪದಗಳನ್ನು ಬಿಡಿಸುವ ಕಡತದಲ್ಲಿ ಸೇರಿಸಿದರೆ ಎರಡೂ ಒಂದಾಗುತ್ತವೆ. ಈ ನಿಯಮ ಬರೆಯಲು ಕನ್ನಡ ಗೊತ್ತಿರಬೇಕು, ಕನ್ನಡವನ್ನು ಜನ ಹೇಗೆ ಟೈಪು ಮಾಡುತ್ತಾರೆ ಎಂಬುದೂ ಗೊತ್ತಿರಬೇಕು. ದೂರದಲ್ಲಿ ಕುಳಿತು ಅಪ್‌ಡೇಟ್ ಕಳಿಸುವವರಿಂದ ಇದನ್ನು ನಿರೀಕ್ಷಿಸುವಂತಿಲ್ಲ. ಅಪ್‌ಡೇಟಿನ ನಡುವೆ ‘ಅವರದನ್ನು ಹಾಕು’ ಎಂದು ಒಂದು ಅಕ್ಷರ ಒತ್ತಿದರೆ ಇಷ್ಟೂ ಅಳಿಸಿಹೋಗುತ್ತದೆ. ಇಂಗ್ಲಿಷ್ ಪುಸ್ತಕಗಳು ಮೊದಲಿನಂತೆಯೇ ಸಿಗುತ್ತಿರುವುದರಿಂದ ಕೆಟ್ಟದ್ದು ಗೊತ್ತಾಗಲು ವಾರಗಳೇ ಹಿಡಿಯಬಹುದು.

ಮಳೆಗಾಲಕ್ಕೆ ಸಂಬಂಧಿಸಿದ ಕಡತವೂ ಒಂದಿದೆ. ಯುಪಿಎಸ್ ಮೇಲೆ ಕಣ್ಣಿಡುವ ಎಪಿಸಿಯುಪಿಎಸ್‌ಡಿ ಎಂಬ ಸಣ್ಣ ತಂತ್ರಾಂಶ, ಬ್ಯಾಟರಿ ಶೇ 5ಕ್ಕೆ ಇಳಿದಾಗ ಅಥವಾ 3 ನಿಮಿಷದಷ್ಟೇ ಉಳಿದಾಗ ಸರ್ವರನ್ನು ಕ್ರಮವಾಗಿ ಮುಚ್ಚುವಂತೆ ಹೊಂದಿಸಲ್ಪಟ್ಟೇ ಬರುತ್ತದೆ. ಹೊಸ ಬ್ಯಾಟರಿ ಇರುವ ಕಡೆ ಅದು ಸರಿ. ಹಳೆಯ ಬ್ಯಾಟರಿ ಶೇ 30 ತೋರಿಸುತ್ತಿರುವಾಗಲೇ ಕುಸಿದುಬೀಳುತ್ತದೆಂದು ಕಂಡುಕೊಂಡವರು ಆ ಮಿತಿಯನ್ನು 40ಕ್ಕೆ ಏರಿಸಿರುತ್ತಾರೆ. ಅಪ್‌ಡೇಟಿನಲ್ಲಿ ಅದು ಸದ್ದಿಲ್ಲದೆ 5ಕ್ಕೆ ಮರಳಿದರೆ ತಿಳಿಯುವುದು ಆಷಾಢದ ಮೊದಲ ದೊಡ್ಡ ಗಾಳಿಮಳೆಯ ರಾತ್ರಿ. ಡೇಟಾಬೇಸ್ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಆಗುವ ಹಾನಿಗೆ ಈ ಒಂದು ಅಂಕಿ ಕಾರಣವಾಗಬಹುದು.

ಹಾಗಾದರೆ ಯಾವಾಗಲೂ ‘ನಮ್ಮದನ್ನೇ ಉಳಿಸು’ ಎಂದರೆ ಆಯಿತಲ್ಲ? ಆಗುವುದಿಲ್ಲ. ಉಬುಂಟು 18.04ರಲ್ಲಿ ಇದ್ದದ್ದು ಮೈಎಸ್‌ಕ್ಯೂಎಲ್ 5.7, 20.04ರಲ್ಲಿ ಬಂದದ್ದು 8.0. ಹಳೆಯದರಲ್ಲಿ ಕ್ವೆರಿ ಕ್ಯಾಶ್ ಎಂಬ ಸೌಲಭ್ಯವಿತ್ತು, ವೇಗ ಹೆಚ್ಚಿಸಲೆಂದು ಬಹಳ ಮಂದಿ ಅದರ ಗಾತ್ರವನ್ನು ತಮ್ಮ ಕಡತದಲ್ಲಿ ಬರೆದಿಟ್ಟಿದ್ದರು. 8.0ರಲ್ಲಿ ಆ ಸೌಲಭ್ಯವನ್ನೇ ಕಿತ್ತುಹಾಕಲಾಯಿತು. ಹಳೆಯ ಕಡತವನ್ನು ಹಾಗೇ ಉಳಿಸಿಕೊಂಡರೆ ತನಗೆ ಗೊತ್ತಿಲ್ಲದ ಆ ಸಾಲನ್ನು ಕಂಡು ಡೇಟಾಬೇಸ್ ಏಳುವುದೇ ಇಲ್ಲ.

ಹೊಸದರಲ್ಲಿ ನಮ್ಮ ಊರಿನದೇ ಸಂಪತ್ತು ಬರುವುದೂ ಉಂಟು. 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಗೆ 80 ಸಂಕೇತಗಳ ಸ್ಥಾನ ಸಿಕ್ಕಿತು. ಅದನ್ನು ಬಲ್ಲ ಐಸಿಯು 76 ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಡೆಬಿಯನ್ 12ರಲ್ಲಿರುವುದು ಐಸಿಯು 72. ಅದರ ಪಾಲಿಗೆ ತುಳು-ತಿಗಳಾರಿಯ ಅಕ್ಷರಗಳು ಅಕ್ಷರಗಳೇ ಅಲ್ಲ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ ಐಸಿಯು 76 ಇದೆ. ತಾಳೆಗರಿ ಸಂಗ್ರಹವಿರುವ ಗ್ರಂಥಾಲಯವೊಂದು ಅವುಗಳ ಹೆಸರನ್ನು ಮೂಲ ಲಿಪಿಯಲ್ಲೇ ಸೂಚಿಗೆ ಸೇರಿಸಬೇಕೆಂದರೆ ಅಪ್‌ಡೇಟ್ ಆಗಲೇಬೇಕು. ಅದೇ ಅಪ್‌ಡೇಟಿನಲ್ಲಿ ಕನ್ನಡದ ಹುಡುಕಾಟಕ್ಕೆ ಮಾಡಿಕೊಂಡ ತಿದ್ದುಪಡಿ ಉಳಿಯಲೂಬೇಕು. ಪರದೆಯ ಮೇಲಿನ ಪ್ರಶ್ನೆ ಇದೋ ಅದೋ ಎಂದು ಕೇಳುತ್ತದೆ. ನಮಗೆ ಬೇಕಾದದ್ದು ಎರಡೂ.

ಎರಡನ್ನೂ ಪಡೆಯಲು ಏನು ಬೇಕು ಎಂಬುದನ್ನು ಗ್ರಂಥ ಸಂಪಾದನೆ ಬಲ್ಲವರಿಗೆ ವಿವರಿಸುವುದು ಸುಲಭ. ವೆಂಕಟರಾಜ ಪುಣಿಂಚತ್ತಾಯರು ತಿಗಳಾರಿ ಲಿಪಿಯ ತಾಳೆಗರಿಗಳಿಂದ ಹಳೆಯ ತುಳು ಕಾವ್ಯಗಳನ್ನು ಸಂಪಾದಿಸಿಕೊಟ್ಟವರು. ಅಂಥ ಕೆಲಸದಲ್ಲಿ ಎರಡು ಪ್ರತಿಗಳು ಎದುರಿಗಿದ್ದು ಒಂದೆಡೆ ಪಾಠ ಬೇರೆಯಾಗಿದ್ದರೆ, ಬದಲಾಯಿಸಿದವನು ಯಾವ ಲಿಪಿಕಾರ ಎಂದು ಅವೆರಡನ್ನೇ ನೋಡಿ ಹೇಳಲಾಗದು. ಅವೆರಡೂ ಯಾವುದರಿಂದ ಇಳಿದವೋ ಆ ಮೂಲ ಪ್ರತಿ ಸಿಕ್ಕರೆ ಮಾತ್ರ ಯಾರು ಎಲ್ಲಿ ತಿದ್ದಿದರೆಂಬುದು ತಿಳಿಯುತ್ತದೆ. ಕಾನ್ಫಿಗರೇಶನ್ ಕಡತದ ಕಥೆಯೂ ಹೀಗೇ. ಡೆಬಿಯನ್ ತಾನು ಹಿಂದೆ ಹಾಕಿದ ಮೂಲ ಕಡತದ ಗುರುತನ್ನು ಒಂದು ಸಂಕ್ಷಿಪ್ತ ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ. ಆ ಗುರುತಿನಿಂದ ‘ಇದನ್ನು ಯಾರೋ ತಿದ್ದಿದ್ದಾರೆ’ ಎಂದು ಅದಕ್ಕೆ ಗೊತ್ತಾಗುತ್ತದೆ. ಮೂಲದಲ್ಲಿ ಏನಿತ್ತೆಂಬುದು ಗೊತ್ತಾಗುವುದಿಲ್ಲ. ವ್ಯತ್ಯಾಸ ತೋರಿಸು ಎಂದರೆ ನಿಮ್ಮ ಕಡತಕ್ಕೂ ಹೊಸ ಕಡತಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಮೂವತ್ತು ಸಾಲು ಬೇರೆ ಎಂದು ತೋರಿದರೆ ಅದರಲ್ಲಿ ನಮ್ಮ ಹಿಂದಿನವರು ಬೇಕೆಂದೇ ತಿದ್ದಿದ ಸಾಲು ಯಾವುದು, ತಯಾರಕರು ಈ ವರ್ಷ ಬದಲಾಯಿಸಿದ್ದು ಯಾವುದು?

ಗಿಟ್ ಆ ಮೂರನೆಯ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಯುಪಿಎಸ್ ಕಡತವನ್ನೇ ತೆಗೆದುಕೊಳ್ಳಿ. ಮೂಲದಲ್ಲಿ 5, ನಮ್ಮದರಲ್ಲಿ 40, ಹೊಸದರಲ್ಲಿಯೂ 5 ಎಂದಿದ್ದರೆ ಆ ಸಾಲನ್ನು ಬದಲಾಯಿಸಿದ್ದು ನಾವು ಮಾತ್ರ, 40 ಉಳಿಯುತ್ತದೆ. ಮೂಲದಲ್ಲೂ ನಮ್ಮಲ್ಲೂ ಇಲ್ಲದ ಸಾಲೊಂದು ಹೊಸದರಲ್ಲಿದ್ದರೆ ಅದು ಅವರು ಸೇರಿಸಿದ್ದು, ಒಳಗೆ ಬರುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ರೀತಿ ತಿದ್ದಿದ್ದರೆ ಗಿಟ್ ಊಹಿಸಲು ಹೋಗದೆ ಎರಡನ್ನೂ ಎದುರಿಗಿಟ್ಟು ಮನುಷ್ಯರಿಗೆ ಬಿಡುತ್ತದೆ. ನೂರಾರು ಸಾಲುಗಳ ಕಡತದಲ್ಲಿ ತಲೆ ಕೆಡಿಸಿಕೊಳ್ಳಬೇಕಾದ ಸಾಲುಗಳು ಹೀಗೆ ಎರಡೋ ಮೂರೋ ಆಗಿಬಿಡುತ್ತವೆ.

ಆವೃತ್ತಿ ನಿಯಂತ್ರಣದ ವಿದ್ಯೆಗೆ ಅರ್ಧ ಶತಮಾನ ದಾಟಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಎಸ್‌ಸಿಸಿಎಸ್ ಎಂಬ ಮೊದಲ ವ್ಯವಸ್ಥೆ ಕಟ್ಟಿದರು; 1980ರ ದಶಕದಲ್ಲಿ ವಾಲ್ಟರ್ ಟಿಚಿಯವರ ಆರ್‌ಸಿಎಸ್ ಬಂತು; 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ನ ಕೆಲಸಕ್ಕೆಂದು ಗಿಟ್ ಬರೆದರು. ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುವುದು 2007ರಲ್ಲಿ ಜೋಯಿ ಹೆಸ್ ಬರೆದ ಇಟಿಸಿಕೀಪರ್. ಲಿನಕ್ಸ್‌ನಲ್ಲಿ ಇಡೀ ಯಂತ್ರದ ಸೆಟ್ಟಿಂಗ್‌ಗಳೆಲ್ಲ ‘ಇಟಿಸಿ’ ಎಂಬ ಒಂದೇ ಫೋಲ್ಡರಿನೊಳಗೆ ಇರುತ್ತವೆ. ಇಟಿಸಿಕೀಪರ್ ಆ ಫೋಲ್ಡರನ್ನು ಗಿಟ್‌ಗೆ ಒಪ್ಪಿಸಿ ಅಪ್‌ಡೇಟಿನ ಜೊತೆಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಅಪ್‌ಡೇಟ್ ಶುರುವಾಗುವ ಮುನ್ನ ದಾಖಲಾಗದೆ ಉಳಿದ ಬದಲಾವಣೆಗಳನ್ನು ದಾಖಲಿಸುತ್ತದೆ. ಮುಗಿದ ಮೇಲೆ ಅಪ್‌ಡೇಟ್ ಮಾಡಿದ ಬದಲಾವಣೆಗಳನ್ನು, ಯಾವ ಯಾವ ಪ್ಯಾಕೇಜ್ ಬಂತು ಹೋಯಿತು ಎಂಬ ಪಟ್ಟಿಯ ಸಮೇತ, ಬೇರೆಯಾಗಿ ದಾಖಲಿಸುತ್ತದೆ. ಕಡತದ ಒಡೆಯ ಯಾರು, ಯಾರಿಗೆ ಓದಲು ಅನುಮತಿ ಎಂಬ ವಿವರಗಳನ್ನು ಗಿಟ್ ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ. ಆ ಕೊರತೆಯನ್ನೂ ಇದು ತುಂಬಿಕೊಡುತ್ತದೆ. ಹಾಕಲು ಒಂದೇ ಆಜ್ಞೆ ಸಾಕು. ಮೇ ತಿಂಗಳ ಆ ಮಧ್ಯಾಹ್ನಕ್ಕೆ ಎಷ್ಟು ಮುಂಚೆ ಹಾಕಿರುತ್ತೀರೋ ಅಷ್ಟು ಒಳ್ಳೆಯದು. ತಿದ್ದುವ ಮೊದಲಿನ ಮೂಲ ಕಡತವೇ ದಾಖಲಾಗಿದ್ದರೆ ಅದಕ್ಕಿಂತ ಉತ್ತಮವಾದದ್ದಿಲ್ಲ.

ಸ್ವಲ್ಪ ಹೆಚ್ಚು ಶ್ರಮ ಪಡಲು ಸಿದ್ಧರಿರುವವರಿಗೆ ಎರಡು ಕವಲುಗಳ ಪದ್ಧತಿ ಇದೆ. ಒಂದು ಕವಲಿನಲ್ಲಿ ತಯಾರಕರು ಕಳಿಸಿದ ಕಡತಗಳನ್ನು ಹಾಗೆ ಹಾಗೇ ಇಡುವುದು, ಇನ್ನೊಂದರಲ್ಲಿ ನಮ್ಮ ತಿದ್ದುಪಡಿಗಳನ್ನು ಮಾಡುವುದು. ಹೊಸದು ಬಂದಾಗ ಮೊದಲ ಕವಲಿಗೆ ಹಾಕಿ, ಅಲ್ಲಿಂದ ಎರಡನೆಯದಕ್ಕೆ ವಿಲೀನ ಮಾಡಿಕೊಳ್ಳುವುದು. ಇಷ್ಟು ಬೇಡವೆನಿಸಿದರೆ, ಎಲ್ಲೆಲ್ಲಿ ಸಾಧ್ಯವೋ ಅಲ್ಲಿ ಮೂಲ ಕಡತವನ್ನು ಮುಟ್ಟದೆ ನಮ್ಮ ಎರಡು ಸಾಲುಗಳನ್ನು ಬೇರೆ ಸಣ್ಣ ಕಡತವಾಗಿ ಪಕ್ಕದ ಫೋಲ್ಡರಿನಲ್ಲಿ ಇಡಬೇಕು. ಡೆಬಿಯನ್ 11ರಿಂದ ಈಚೆಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೂ ಹೀಗೆ ಮಾಡಬಹುದು. ಮೂಲ ಕಡತ ಮುಟ್ಟಿಲ್ಲವಾದ್ದರಿಂದ ಅಪ್‌ಡೇಟ್ ಪ್ರಶ್ನೆಯನ್ನೇ ಕೇಳುವುದಿಲ್ಲ. ಇಂಥ ಸಣ್ಣ ಕಡತಗಳನ್ನು ಗಿಟ್‌ನಲ್ಲಿ ಇಟ್ಟರೆ ಓದಲೂ ಹಿತ.

ಇದರ ಮಿತಿಗಳನ್ನೂ ಹೇಳಬೇಕು. ಗಿಟ್ ಕಡತಗಳ ಚರಿತ್ರೆ ಇಡುತ್ತದೆ, ಡೇಟಾಬೇಸಿನ ಬ್ಯಾಕಪ್ ಇಡುವುದಿಲ್ಲ. ಸೆಟ್ಟಿಂಗನ್ನು ನಿನ್ನೆಯ ಸ್ಥಿತಿಗೆ ಮರಳಿಸಬಹುದು. ಹೊಸ ರೂಪಕ್ಕೆ ಪರಿವರ್ತನೆಯಾದ ಡೇಟಾಬೇಸ್ ಅದರ ಜೊತೆ ಮರಳುವುದಿಲ್ಲ. ಮರಳಿಸುವುದಕ್ಕೆ ಯಂತ್ರ ಏಳಬೇಕು ಎಂಬುದೂ ಇದೆ. 2024ರ ಜುಲೈ 19ರ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ತಂತ್ರಾಂಶಕ್ಕೆ ಕಳಿಸಿದ ಒಂದು ಕಾನ್ಫಿಗರೇಶನ್ ಕಡತ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. 10.57ಕ್ಕೆ ಕಂಪನಿ ಅದನ್ನು ಹಿಂಪಡೆದಿತ್ತು. ಅಷ್ಟರಲ್ಲಿ ಬಿದ್ದುಹೋಗಿದ್ದ ಯಂತ್ರಗಳಿಗೆ ಆ ಸುದ್ದಿ ಮುಟ್ಟುವ ದಾರಿಯೇ ಇರಲಿಲ್ಲ. ಬಹುಪಾಲನ್ನು ಒಂದೊಂದಾಗಿ ಕೈಯಿಂದ ಸರಿಪಡಿಸಬೇಕಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆದ್ದರಿಂದ ಹಳೆಯ ಕಂಪ್ಯೂಟರೊಂದರಲ್ಲಿ ಮೊದಲು ಅಪ್‌ಡೇಟ್ ಮಾಡಿ ನೋಡುವುದು, ಪೂರ್ತಿ ಬ್ಯಾಕಪ್ ತೆಗೆದಿಡುವುದು, ಗಿಟ್ ಭಂಡಾರದ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ಇಡುವುದು, ಇವು ಮೂರೂ ಬೇಕು.

ಆ ಪ್ರತಿಯನ್ನು ಎಲ್ಲಿಡಬೇಕು ಎಂಬಲ್ಲಿ ತುಂಬ ಎಚ್ಚರ ವಹಿಸಿ. ಕೋಹಾದ ಮುಖ್ಯ ಕಡತದಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬರೀ ಅಕ್ಷರಗಳಲ್ಲಿ ಬರೆದಿರುತ್ತದೆ. ಇಟಿಸಿ ಫೋಲ್ಡರಿನಲ್ಲಿ ಬಳಕೆದಾರರ ಪಾಸ್‌ವರ್ಡ್‌ಗಳ ಗೂಢರೂಪವೂ ಇರುತ್ತದೆ. ಇದನ್ನೆಲ್ಲ ಗಿಟ್‌ಹಬ್‌ನಂಥ ಕಡೆ ಎಲ್ಲರಿಗೂ ಕಾಣುವಂತೆ ಏರಿಸುವುದೆಂದರೆ ಬೀಗದ ಕೈಯನ್ನು ಹಂಚಿದಂತೆ. ಆಮೇಲೆ ಅಳಿಸಿದರೂ ಗಿಟ್‌ನ ಚರಿತ್ರೆಯಲ್ಲಿ ಅದು ಉಳಿದಿರುತ್ತದೆ. ಕ್ಯಾಂಪಸ್ಸಿನೊಳಗಿನ ಇನ್ನೊಂದು ಯಂತ್ರಕ್ಕೆ, ಆಡಳಿತ ಮಾಡುವವರಿಗೆ ಮಾತ್ರ ತೆರೆಯುವಂತೆ, ಕಳಿಸಿದರೆ ಸಾಕು.

ಪಾಸ್‌ವರ್ಡ್ ಇಲ್ಲದ ಕಡತಗಳನ್ನು ಹಂಚಿಕೊಳ್ಳಬಹುದು. ಹಂಚಿಕೊಳ್ಳಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ತಲಪಾಡಿ ದಾಟಿ ಮಂಜೇಶ್ವರದ ಕಡೆ ಹೋದರೆ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಬಳಸುವುದು ಉಬುಂಟು ಆಧರಿಸಿ ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್. ಐಟಿ ಪಾಠಪುಸ್ತಕ ಕನ್ನಡದಲ್ಲಿದೆ. ಹೊಸ ಉಬುಂಟು ಬಂದಾಗ ಶಾಲೆಗಳಿಗೆ ಬೇಕಾದ ಹೊಂದಾಣಿಕೆಗಳನ್ನು ಅಲ್ಲಿ ಒಂದೇ ಕಡೆ ಮಾಡಿ ರಾಜ್ಯದ ಎಲ್ಲ ಶಾಲೆಗಳಿಗೂ ಕಳಿಸುತ್ತಾರೆ. ಗಡಿಯ ಈಚೆಗೆ ಪ್ರತಿಯೊಂದು ಕಾಲೇಜೂ ಕನ್ನಡ ಹುಡುಕಾಟದ ಅದೇ ನಾಲ್ಕು ಸಾಲನ್ನು ತಾನೇ ಹುಡುಕಿಕೊಂಡು, ತಾನೇ ತಿದ್ದಿ, ಅಪ್‌ಡೇಟಿನಲ್ಲಿ ಕಳೆದುಕೊಂಡು, ಮತ್ತೆ ಹುಡುಕುತ್ತದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಪುಸ್ತಕಗಳನ್ನು ಒಂದೇ ಸೂಚಿಯಲ್ಲಿ ಇಟ್ಟುಕೊಂಡ ಈ ಊರಿನ ಗ್ರಂಥಾಲಯಗಳು ಸೇರಿ ಆ ಸಾಲುಗಳಿಗೊಂದು ಸಾಮಾನ್ಯ ಗಿಟ್ ಭಂಡಾರ ಮಾಡಿಕೊಂಡರೆ, ಒಬ್ಬರ ತಿದ್ದುಪಡಿ ಎಲ್ಲರಿಗೂ ದಕ್ಕುತ್ತದೆ. ಕನ್ನಡದ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಮಂಗಳೂರು ಸಮೀಪದ ಕಿನ್ನಿಕಂಬಳದವರು. ಆ ವಿನ್ಯಾಸ ಈಗ ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಬರುತ್ತದೆ, ಕಡತದಲ್ಲಿ ಒಂದೆರಡು ಸಾಲು ಬರೆದರೆ ಯಂತ್ರ ತೆರೆದ ಕೂಡಲೇ ಸಿದ್ಧ. ಅಂಥ ಸಾಲುಗಳಿಗೂ ಅಲ್ಲಿ ಜಾಗವಿರಲಿ.

ಇನ್ನು ಬರವಣಿಗೆ. ಪ್ರತಿ ಸಲ ದಾಖಲಿಸುವಾಗ ಗಿಟ್ ಒಂದು ಟಿಪ್ಪಣಿ ಕೇಳುತ್ತದೆ. ‘ಅಪ್‌ಡೇಟ್ ಮಾಡಿದೆ’, ‘ಸರಿ ಮಾಡಿದೆ’ ಎಂಬ ಟಿಪ್ಪಣಿಗಳಿಂದ ಪ್ರಯೋಜನವಿಲ್ಲ. ಏನು ಬದಲಾಯಿತೆಂಬುದು ಕಡತದಲ್ಲೇ ಕಾಣುತ್ತದೆ. ಬರೆಯಬೇಕಾದದ್ದು ಕಾರಣ, ಮತ್ತು ಅದು ಯಾವಾಗ ಅನಗತ್ಯವಾಗುತ್ತದೆ ಎಂಬುದು. ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಬಹುದು, ಗಿಟ್‌ಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಕಡತದ ಹೆಸರು ಕನ್ನಡದಲ್ಲಿದ್ದರೆ ಮಾತ್ರ ಗಿಟ್ ಅದನ್ನು ಅಂಕಿಗಳ ಸಾಲಾಗಿ ತೋರಿಸುತ್ತದೆ. ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಹೆಸರು ಹೆಸರಾಗಿಯೇ ಕಾಣುತ್ತದೆ. ಯುಪಿಎಸ್‌ನ ಸಾಲಿಗೆ ನಾನಾಗಿದ್ದರೆ ಹೀಗೆ ಬರೆಯುತ್ತೇನೆ: ‘ಮಿತಿ 5ರಿಂದ 40ಕ್ಕೆ. ಈಗಿನ ಬ್ಯಾಟರಿ ಹಳೆಯದು, ಶೇ 30 ತೋರಿಸುವಾಗಲೇ ನಿಲ್ಲುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೆ ಒಮ್ಮೆ ಕರೆಂಟು ತೆಗೆದು ಎಷ್ಟು ಹೊತ್ತು ತಾಳುತ್ತದೆಂದು ನೋಡಿ, ಆಮೇಲೆ ಈ ಮಿತಿಯನ್ನು ಇಳಿಸಬಹುದು.’